ಹುಳದ ಮನೆಯಿಂದ ಬಂದ ಮೇಡಂ

ನಮ್ಮ ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಕಲ್ಚರ್ ರೂಮಿನ ಬಾಗಿಲಲ್ಲಿ ಒಂದು ಬಕೆಟ್ಟು, ಒಂದು ಮಗ್ಗು, ಒಂದಷ್ಟು ರಬ್ಬರ್ ಚಪ್ಪಲಿ ಸದಾ ಇರುತ್ತಿದ್ದವು. ಕೈಗವಸು, ಬಿಳಿ ಕೋಟು, ಸ್ಪಿರಿಟ್ ಬಾಟಲಿ ಎಲ್ಲ ಪ್ರಯೋಗಾಲಯದಲ್ಲೂ ಇರುತ್ತವೆ. ನಮ್ಮಲ್ಲಿ ಅವುಗಳ ಜೊತೆಗೆ ಈ ಬಕೆಟ್ಟೂ ಇತ್ತು. ಯಾರೇ ಬರಲಿ, ಕಾಲು ತೊಳೆದು, ಒರೆಸಿಕೊಂಡು, ಆ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗಬೇಕು. ಒಮ್ಮೆ ದೆಹಲಿಯಿಂದ ಬಂದಿದ್ದ ದೊಡ್ಡ ವಿಜ್ಞಾನಿಯೊಬ್ಬರು "ಇದೇನು, ದೇವಸ್ಥಾನವೇ?" ಎಂದು ನಕ್ಕರು. ನಮ್ಮ ಮೇಡಂ ನಗಲಿಲ್ಲ. "ಅಲ್ಲ ಸರ್, ಹುಳದ ಮನೆ," ಎಂದರು. ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಪ್ಯಾಂಟು ಮಡಚಿಕೊಂಡು ಕಾಲು ತೊಳೆದೇ ಒಳಗೆ ಹೋದರು.

ಆ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ, ಉದ್ದುದ್ದ ಭಾಷಣ ಎಲ್ಲವೂ ನಡೆದವು. ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. "ಮೇಡಂ ಬಹಳ ಒಳ್ಳೆಯವರು" ಎಂಬ ಒಂದು ಪೆದ್ದು ಮಾತು ಆಡಿ ಇಳಿದು ಬಂದೆ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುಳದ ಮನೆಯ ವಿಷಯ. ಅವರು ಚನ್ನಪಟ್ಟಣದ ಹತ್ತಿರ ಬೈರಾಪಟ್ಟಣದವರು. ಹಿಪ್ಪುನೇರಳೆ ತೋಟ, ಮನೆಯ ಹಿಂದೆಯೇ ರೇಷ್ಮೆಹುಳ ಸಾಕುವ ಕೋಣೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಬೆಳೆಸಿದ್ದು ಸೋದರತ್ತೆ. ನಮ್ಮ ಕಡೆ ಹುಳದ ಮನೆಗೆ ಇರುವ ಮಡಿ ಎಷ್ಟೋ ದೇವರ ಮನೆಗೂ ಇರುವುದಿಲ್ಲ. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಬೀಡಿ ಸೇದಿದ ಕೈಯಲ್ಲಿ ತಟ್ಟೆ ಮುಟ್ಟುವಂತಿಲ್ಲ, ನೆಂದ ಸೊಪ್ಪು ಹಾಕುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತುವ ತನಕ "ಬೆಳೆ ಚೆನ್ನಾಗಿದೆ" ಎಂದು ಯಾರೂ ಬಾಯಿ ಬಿಡುವಂತಿಲ್ಲ. ಮೇಡಂ ದೊಡ್ಡ ಓದು ಓದಿ, ಹೊರದೇಶಕ್ಕೆ ಹೋಗಿ ಬಂದು, ಬೆಂಗಳೂರಿನಲ್ಲಿ ಪ್ರಯೋಗಾಲಯ ಕಟ್ಟಿದಾಗಲೂ ಈ ಕಾನೂನುಗಳಲ್ಲಿ ಒಂದನ್ನೂ ಬಿಡಲಿಲ್ಲ.

ನಾನು ಅಲ್ಲಿ ಸಹಾಯಕನಾಗಿ ಸೇರಿದ ಮೊದಲ ವಾರ, ಜೀವಕೋಶಗಳಿಗೆ ಹಾಕುವ ಆಹಾರದ ದ್ರವವನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಂತೆಯೇ ಸುರಿದುಬಿಟ್ಟೆ. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ದು ಯಾವೂರು?"

"ರಾಮನಗರ ಮೇಡಂ."

"ಗೂಡಿನ ಮಾರ್ಕೆಟ್ ಇರೋ ಊರಲ್ಲಿ ಹುಟ್ಟಿ, ಹುಳಕ್ಕೆ ತಣ್ಣನೆ ಸೊಪ್ಪು ಹಾಕ್ತೀರಲ್ರೀ! ನಾಚಿಕೆ ಆಗ್ಬೇಕು."

ನಮ್ಮಪ್ಪ ಮಾರ್ಕೆಟ್ಟಿನ ಎದುರು ಸೈಕಲ್ ಅಂಗಡಿ ಇಟ್ಟಿದ್ದವರು. ಹುಳ ಹೇಗಿರುತ್ತದೆಂದು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಅದನ್ನು ಹೇಳುವ ಧೈರ್ಯ ಆಗಲಿಲ್ಲ.

ದಿನಾ ಒಂದೇ ರೈಲು. ಅವರು ಚನ್ನಪಟ್ಟಣದಲ್ಲಿ ಹತ್ತುವರು, ನಾನು ರಾಮನಗರದಲ್ಲಿ. ಪಕ್ಕದ ಸೀಟಿನ ಮೇಲೆ ಅವರ ಚೀಲ ನನಗಾಗಿ ಕಾದಿರುತ್ತಿತ್ತು. ಅದು ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ. ನೆನ್ನೆ ತೋಟವಿದ್ದ ಕಡೆ ಇವತ್ತು ಕಾಂಪೌಂಡು. ಹಳ್ಳಿ ಹಳ್ಳಿಗೆ ಗಾರ್ಮೆಂಟ್ಸಿನ ವ್ಯಾನು ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ನಾನು ಕಿಟಕಿಯಾಚೆ ನೋಡಿ ಲೊಚಗುಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಸೊಪ್ಪು ಕೊಯ್ದು ಕೊಯ್ದು ಬೆನ್ನು ಬಗ್ಗಿದ ಹೆಂಗಸ್ರನ್ನ ನೀವು ನೋಡಿಲ್ಲ. ಅವರು ಈಗ ಮೊದಲನೇ ಸಲ ತಮ್ಮ ಹೆಸರಲ್ಲಿ ಸಂಬಳ ತಗೋತಿದಾರೆ. ಸುಮ್ನೆ ಕೂತ್ಕೊಳ್ಳಿ," ಎನ್ನುವರು. ಹಾಗೆಂದು ಸ್ವಲ್ಪ ಹೊತ್ತಿಗೆ ತಾವೇ ಕಿಟಕಿಯತ್ತ ಬಗ್ಗಿ, "ಅಗೋ, ಆ ತೋಟಾನೂ ಹೋಯ್ತು," ಎಂದು ಮೆಲ್ಲಗೆ ಹೇಳುವರು.

ಅವರ ಕೆಲಸ ಅಂಡಾಶಯದ ಕ್ಯಾನ್ಸರ್ ಮೇಲೆ. ಹೆಂಗಸರ ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುವ ಕಾಯಿಲೆ ಅದು. ಹೊಟ್ಟೆ ಉಬ್ಬರ, ಅಜೀರ್ಣ ಎಂದು ಸೋಡಾ ಕುಡಿದು ಕಾಲ ಕಳೆಯುವಷ್ಟರಲ್ಲಿ ಹರಡಿರುತ್ತದೆ. ಆಪರೇಷನ್ನಿಗೂ ಕಿಮೋಗೂ ಮೊದಮೊದಲು ಬಗ್ಗಿದಂತೆ ಕಾಣುತ್ತದೆ, ಎಷ್ಟೋ ಜನರಲ್ಲಿ ಮತ್ತೆ ತಲೆ ಎತ್ತುತ್ತದೆ. ಮೇಡಂ ಹಿಡಿದದ್ದು ಅದರ ಊಟದ ದಾರಿಯನ್ನು. ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಬಹಳ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತವೆ ಎಂಬುದು ಮೊದಲಿನಿಂದ ಗೊತ್ತಿದ್ದ ಸಂಗತಿ. ಆ ಸಕ್ಕರೆಯ ಬಾಗಿಲು ಮುಚ್ಚಿದರೆ ಈ ಕೋಶಗಳು ಬಗ್ಗುತ್ತವೆಯೇ ಎಂದು ನೋಡುವುದು ಅವರ ಆಸೆ. ನಾವು ಹಾಕುವ ದ್ರವ ಗುಲಾಬಿ ಬಣ್ಣದ್ದು. ಕೋಶಗಳು ಸಕ್ಕರೆ ತಿಂದು ಹುಳಿ ಬಿಟ್ಟಂತೆ ಅದು ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಬಂದವರೇ ಮೇಡಂ ಫ್ಲಾಸ್ಕುಗಳನ್ನು ಬೆಳಕಿಗೆ ಹಿಡಿದು, ಹಳದಿಯಾಗಿದ್ದರೆ, "ಥೂ ಹೊಟ್ಟೆಬಾಕಗಳಾ, ಎಲ್ಲಾ ಮುಗಿಸಿಬಿಟ್ರಾ?" ಎಂದು ಬೈಯುವರು. ಕೊಲ್ಲಬೇಕೆಂದು ಹೊರಟಿದ್ದ ಕೋಶಗಳನ್ನು ಅಷ್ಟು ಅಕ್ಕರೆಯಿಂದ ಬೈದವರನ್ನು ನಾನು ಬೇರೆ ಕಂಡಿಲ್ಲ.

ಸಕ್ಕರೆಯಿಲ್ಲದ ದ್ರವದಲ್ಲಿ ಕೋಶಗಳನ್ನು ಇಟ್ಟೆವು. ರಾಶಿ ರಾಶಿಯಾಗಿ ಸತ್ತು ತೇಲತೊಡಗಿದವು. ನಾನು ಕುಣಿದಾಡಿದೆ, ಮದ್ದೂರು ವಡೆ ತರಿಸೋಣ ಮೇಡಂ ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟರು. "ಚಂದ್ರಿಕೆ ಹತ್ತೋವರೆಗೆ ಬಾಯಿ ಮುಚ್ಕೊಂಡಿರಿ," ಎಂದರು. ಆದರೆ ಕಣ್ಣಿನಲ್ಲಿ ಖುಷಿ ಕಾಣುತ್ತಿತ್ತು.

ಬಾಯಿ ಬಿಡಬಾರದೆಂಬ ಆ ಕಾನೂನನ್ನು ಅವರೇ ಒಮ್ಮೆ ಮುರಿದರು. ಅದೇ ದಿನಗಳಲ್ಲಿ ಊರಿನ ಸ್ತ್ರೀಶಕ್ತಿ ಸಂಘದವರು ಮಾತಾಡಲು ಕರೆದರು. ಆ ಹೊತ್ತಿಗೆ ಅವರನ್ನು ಸಾಕಿದ ಸೋದರತ್ತೆಗೇ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಗಿ, ಬೆಂಗಳೂರಿನಲ್ಲಿ ಆಪರೇಷನ್ ಮುಗಿದು, ಕಿಮೋ ಶುರುವಾಗಿತ್ತು. ಅತ್ತೆ ತಲೆಗೆ ಟವೆಲು ಸುತ್ತಿಕೊಂಡು ಸಭೆ ನಡೆದ ಹಾಲಿನ ಡೈರಿ ಕಟ್ಟಡದ ಮೊದಲನೇ ಸಾಲಿನಲ್ಲಿ ಕುಳಿತಿದ್ದರು. ಊರವರಿಗೆ ತಿಳಿಯುವ ಹಾಗೆ ಹೇಳಬೇಕಲ್ಲ. ಮೇಡಂ ಹೇಳಿದರು: "ನಾಲ್ಕನೇ ಜ್ವರ ಎದ್ದ ಹುಳ ಹೆಂಗೆ ಬರಬರಾಂತ ಸೊಪ್ಪು ಮೇಯ್ತವೋ ಹಂಗೆ ಈ ಕ್ಯಾನ್ಸರ್ ಕಣಗಳು ಸಕ್ಕರೆ ತಿಂತವೆ. ಆ ಸೊಪ್ಪನ್ನ ನಿಲ್ಸೋದು ಹೆಂಗೆ ಅಂತ ನಾವು ನೋಡ್ತಾ ಇದೀವಿ." ಹುಳಕ್ಕೆ ಬರುವ ಜ್ವರವೆಂದರೆ ಅದು ಪೊರೆ ಬಿಡುವ ಹೊತ್ತು, ನಾಲ್ಕನೆಯದು ಮುಗಿದ ಮೇಲೆ ಅದರ ಹಸಿವಿಗೆ ಲೆಕ್ಕವಿಲ್ಲ. ಇದನ್ನು ಆ ಹೆಂಗಸರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅತ್ತೆ.

ಪ್ರಯೋಗಾಲಯದಲ್ಲಿ ಬೆಳೆ ಕೆಟ್ಟದ್ದು ಅದಾದ ಮೇಲೆ. ಸತ್ತು ತೇಲಿದವುಗಳ ನಡುವೆ ಅಲ್ಲೊಂದು ಇಲ್ಲೊಂದು ಕೋಶ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಉಳಿದಿತ್ತು. ನೋಡನೋಡುತ್ತ ಅವು ಗುಂಪಾದವು. ಸಕ್ಕರೆ ಸಿಗದೆ ಹೋದಾಗ ಅವು ಕೊಬ್ಬನ್ನೂ ಬೇರೆ ಸಿಕ್ಕಿದ್ದನ್ನೂ ತಿಂದು ಬದುಕುವುದನ್ನು ಕಲಿತಿದ್ದವು. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದರು, "ಬದುಕಿಬಿಟ್ಟವೆ ಕಣ್ರೀ." ಹಿರಿಯ ವಿಜ್ಞಾನಿಯೊಬ್ಬರು, ಮೊದಲ ಭಾಗವನ್ನಷ್ಟೇ ಬರೆದು ಪ್ರಕಟಿಸಿ, ಉಳಿದ ಚಿಲ್ಲರೆ ಕೋಶಗಳ ಮಾತು ಯಾಕೆ ಎಂದು ಸಲಹೆ ಕೊಟ್ಟರು. ಮೇಡಂ ಅಷ್ಟು ಕೆಂಪಗಾದದ್ದನ್ನು ನಾನು ಅವತ್ತೇ ನೋಡಿದ್ದು. "ಸರ್, ರೋಗಿಯನ್ನ ಕೊನೆಗೆ ಕೊಲ್ಲೋದೇ ಆ ಚಿಲ್ಲರೆ," ಎಂದರು.

ಆ ದಿನಗಳಲ್ಲೇ ಆಸ್ಪತ್ರೆಯಿಂದ ಇನ್ನೊಂದು ಸುದ್ದಿ ಬಂತು. ಅತ್ತೆಯ ತೂಕ ಇಳಿದುಹೋಗಿದೆ, ರಕ್ತ ಸಾಲದು, ಮುಂದಿನ ಕಿಮೋ ಕೊಡಲಾಗುವುದಿಲ್ಲ. ಹೀಗೇ ಇಳಿಯುತ್ತ ಹೋದರೆ ಚಿಕಿತ್ಸೆಯನ್ನೇ ಕೈಬಿಡಬೇಕಾಗುತ್ತದೆ ಎಂದು ಡಾಕ್ಟರು ನೇರವಾಗಿ ಹೇಳಿದ್ದರು. ವಾಂತಿ ಇಲ್ಲ, ಭೇದಿ ಇಲ್ಲ. ಮನೆಯವರನ್ನು ಕೇಳಿದರೆ, ಚೆನ್ನಾಗಿಯೇ ಉಣ್ಣುತ್ತಾರೆ ಎನ್ನುತ್ತಾರೆ. ಒಂದು ಭಾನುವಾರ ಮೇಡಂ ಬೈರಾಪಟ್ಟಣಕ್ಕೆ ಹೊರಟರು. ಜೊತೆಗೆ ನಾನೂ ಹೋದೆ.

ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಮಗನಿಗೆ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟು, ಸೊಸೆಗೆ ಗಾರ್ಮೆಂಟ್ಸಿನಲ್ಲಿ ಭಾನುವಾರವೂ ಓವರ್‌ಟೈಮು. ಸೊಸೆ ಬೆಳಗಾಗೆದ್ದು ಮುದ್ದೆ ತೊಳಸಿ, ಸಾರು ಮಾಡಿ ಮುಚ್ಚಿಟ್ಟು ವ್ಯಾನು ಹತ್ತುತ್ತಾಳೆ. ಸಂಜೆ ಬಂದರೆ ಪಾತ್ರೆ ಖಾಲಿ. ಅವಳು ಸುಳ್ಳು ಹೇಳಿರಲಿಲ್ಲ. ಮೇಡಂ ಮನೆಯನ್ನೆಲ್ಲ ಸುತ್ತಿ, ಕೊಟ್ಟಿಗೆಗೆ ಹೋಗಿ, ಹಸುವಿನ ಕಲಗಚ್ಚಿನ ಬಕೆಟ್ಟಿನೊಳಗೆ ಇಣುಕಿದರು. ಮುರಿಯದ ಮುದ್ದೆ ಇಡಿಯಾಗಿ ಅದರಲ್ಲಿ ತೇಲುತ್ತಿತ್ತು.

"ಏನತ್ತೆ ಇದು?"

ಅತ್ತೆಯ ಮುಖದಲ್ಲಿ ಸಿಕ್ಕಿಬಿದ್ದ ನಾಚಿಕೆ ಇರಲಿಲ್ಲ. ಗುಟ್ಟಾಗಿ ಒಂದು ಒಳ್ಳೆಯ ಕೆಲಸ ಮಾಡಿದ ಸಂಭ್ರಮ ಇತ್ತು. "ಸೊಪ್ಪು ನಿಲ್ಸ್ಬುಟ್ಟಿವ್ನಿ ಕಣ್ ಮಗ," ಎಂದರು. "ನೀನೇ ಹೇಳ್ದಲ್ಲ ಡೈರಿತಾವ. ಅನ್ನ ಇಲ್ಲ, ಮುದ್ದೆ ಇಲ್ಲ, ಬೆಲ್ಲ ಅಂತೂ ನಾಲ್ಗೆಗೂ ತಾಕ್ಸಿಲ್ಲ. ಒಸಿ ಮಜ್ಜಿಗೆ ಕುಡ್ಕತೀನಿ ಅಷ್ಟೇಯ. ಅವು ಎಷ್ಟು ದಿನ ಅಂತ ತಡೀತವೆ, ಸಾಯ್ಲಿ!"

"ಡಾಕ್ಟ್ರು ಚೆನ್ನಾಗಿ ಉಣ್ಬೇಕು ಅಂತ ಹೇಳ್ಲಿಲ್ವಾ ಅತ್ತೆ?"

"ಆವಯ್ಯ ಹೇಳ್ತಾನೆ. ಆವಯ್ಯ ನಿನ್ನಷ್ಟು ಓದವ್ನಾ?"

ಮೇಡಂ ಅಲ್ಲೇ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ರೇಷ್ಮೆ ಬೆಳೆಯುವವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಹುಳವನ್ನು ಬಲ್ಲವರಿಗೆ, ಸೊಪ್ಪು ನಿಂತರೆ ಹುಳ ಸಾಯುತ್ತದೆ ಎಂಬುದಕ್ಕಿಂತ ದೊಡ್ಡ ಸತ್ಯ ಇನ್ನೇನಿದೆ? ಹುಳ ಸಾಕುವುದನ್ನು ಮೇಡಂಗೆ ಕಲಿಸಿದ್ದೇ ಈ ಅತ್ತೆ. ಪರೀಕ್ಷೆಯ ದಿನಗಳಲ್ಲಿ "ನಿನ್ ಪಾಲಿನ ಸೊಪ್ಪು ನಾನ್ ಹಾಕ್ತೀನಿ, ನೀನು ಓದ್ಕೋ ಹೋಗು" ಎಂದು ಇವರನ್ನು ಹುಳದ ಮನೆಯಿಂದ ಆಚೆ ದಬ್ಬಿದ್ದೂ ಈ ಅತ್ತೆಯೇ. ಆ ಓದಿನಿಂದ ಬಂದ ಮಾತನ್ನು ನಂಬಿ ಈಗ ಉಪವಾಸ ಬಿದ್ದಿದ್ದರು.

ಮಧ್ಯಾಹ್ನವೆಲ್ಲ ಮೇಡಂ ಗೋಗರೆದರು, ರೇಗಿದರು, ಅತ್ತರು. ಅತ್ತೆ ಅಲುಗಾಡಲಿಲ್ಲ. "ನನ್ ಮ್ಯಾಲಿನ ಆಸೆಗೆ ಈಗ ಮಾತು ತಿರುಗಿಸ್ತಿದ್ದೀಯ ನೀನು. ಹುಳದ ವಿಸ್ಯ ನಂಗೇ ಹೇಳ್ಕೊಡ್ತೀಯಾ?" ಎಂದು ನಕ್ಕರು. ಹೊರಡುವಾಗ ನಮಗೆ ಮಾತ್ರ ಬಲವಂತದಿಂದ ಊಟ ಬಡಿಸಿದರು.

ಬಸ್ಸು ಚನ್ನಪಟ್ಟಣ ತಲುಪಿದರೂ ಮೇಡಂ ಇಳಿಯಲಿಲ್ಲ, ನನ್ನ ಜೊತೆಗೇ ಮುಂದೆ ಬಂದರು. ಕೆಂಗಲ್ ಆಂಜನೇಯನ ಗುಡಿ ಹಿಂದಾದ ಮೇಲೆ ನನ್ನ ಕಡೆ ತಿರುಗಿದರು. "ಸಕ್ಕರೆ ಇಲ್ದೆ ಬದುಕಿಕೊಂಡವಲ್ಲ, ಆ ಫ್ಲಾಸ್ಕು ಎಸೀಬೇಡಿ," ಎಂದರು.

ಆ ವಾರವೇ ಅತ್ತೆಯನ್ನು ಕಾರಿನಲ್ಲಿ ಪ್ರಯೋಗಾಲಯಕ್ಕೆ ಕರೆತಂದರು. ಕಿಮೋ ತೆಗೆದುಕೊಳ್ಳುವವರಿಗೆ ಸೋಂಕು ತಾಕಬಾರದೆಂದು ಮೂಗು ಬಾಯಿಗೆ ಬಟ್ಟೆ ಕಟ್ಟಿಸಿ, ಉಳಿದವರನ್ನೆಲ್ಲ ಆ ಕಡೆ ಬರದಂತೆ ಕಳಿಸಿದ್ದೆವು. ಕಲ್ಚರ್ ರೂಮಿನ ಒಳಗೆ ಕರೆಯುವ ಯೋಚನೆ ಇರಲಿಲ್ಲ. ಪಕ್ಕದ ಕೋಣೆಯಲ್ಲೇ ಸೂಕ್ಷ್ಮದರ್ಶಕ ಸಿದ್ಧ ಮಾಡಿದ್ದೆ. ಆದರೆ ಅತ್ತೆ ಆ ಬಾಗಿಲ ಹತ್ತಿರ ಬಂದವರೇ ನಿಂತರು. ಒಳಗಿನ ಬೆಚ್ಚಗಿನ ಗಾಳಿ, ಸಾಲಾಗಿಟ್ಟ ಚಪ್ಪಲಿ, ಬಕೆಟ್ಟು ಎಲ್ಲವನ್ನೂ ನೋಡಿದರು. ಯಾರೂ ಹೇಳದೆಯೇ ತಮ್ಮ ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಮಗ್ಗಿನಲ್ಲಿ ನೀರು ಮೊಗೆದು ಕಾಲಿಗೆ ಹಾಕಿಕೊಂಡರು. "ಹುಳದ್ ಮನೆ ಚಂದಾಗಿ ಮಡಗಿದ್ದೀಯ ಮಗ," ಎಂದರು. ಅಷ್ಟೆಲ್ಲ ಪ್ರಶಸ್ತಿ ಪಡೆದ ನಮ್ಮ ಮೇಡಂ ಮುಖ ಆ ಕಡೆ ತಿರುಗಿಸಿಕೊಂಡರು.

ಅತ್ತೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹೊಂದಿಸಲು ಬಹಳ ಹೊತ್ತು ಹಿಡಿಯಿತು. ಮೊದಲು ತಮ್ಮ ರೆಪ್ಪೆಯ ಕೂದಲನ್ನೇ ನೋಡಿ "ಏ, ಹುಲ್ಲು ಹುಲ್ಲು ಕಾಣ್ತದೆ" ಎಂದರು. ಆಮೇಲೆ ಎರಡೂ ಕೈಯಿಂದ ಮೇಜು ಹಿಡಿದು ಇನ್ನಷ್ಟು ಬಗ್ಗಿದರು.

"ಇವೇನಾ ಅವು?"

"ಇವೇ ಅತ್ತೆ. ನಿನಗೆ ಬಂದಿರೋ ಜಾತಿಯವೇ."

"ಇವುಕ್ಕೆ ಸಕ್ಕರೆ?"

"ಒಂದು ಹರಳೂ ಹಾಕಿಲ್ಲ. ಪೂರಾ ನಿಲ್ಸಿಬಿಟ್ಟಿದ್ದೆ, ನಿನ್ನ ಥರವೇ."

"ಮತ್ತೆ ಬದುಕವಲ್ಲ! ಏನ್ ತಿಂತವೆ ಇವು?"

"ಸಿಕ್ಕಿದ್ದು ತಿಂತವೆ, ಕೊಬ್ಬು ತಿಂತವೆ. ನೀನು ಉಣ್ಣದೆ ಹೋದ್ರೆ ನಿನ್ ಮೈಯೇ ತನ್ನ ಮಾಂಸ ಕರಗಿಸಿ, ಸಕ್ಕರೆ ಮಾಡಿ, ಅವುಕ್ಕೆ ಬಡಿಸ್ತದೆ. ಹುಳಕ್ಕೆ ಸೊಪ್ಪು ನಿಲ್ಲಿಸ್ತಿಲ್ಲ ನೀನು. ತೋಟಕ್ಕೆ ನೀರು ನಿಲ್ಲಿಸ್ತಿದ್ದೀಯ. ತೋಟ ನೀನು ಕಣತ್ತೆ."

ಅತ್ತೆ ಮತ್ತೊಮ್ಮೆ ಬಗ್ಗಿ ನೋಡಿದರು. ತಲೆ ಎತ್ತಿದಾಗ ಅವರು ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಹಂಗಾರೆ ನಿನ್ ಕೆಲ್ಸ ಕೆಡ್ತಾ ಮಗ?"

"ಕೆಡ್ತು ಅತ್ತೆ. ನಾನು ಅಂದ್ಕೊಂಡಿದ್ದು ತಪ್ಪಾಯ್ತು."

ಅತ್ತೆ ಊರಿನ ಹೆಂಗಸರ ಮುಂದೆ ಬೆಳೆಯ ಮಾತಾಡುವ ದನಿಯಲ್ಲಿ ಹೇಳಿದರು, "ಓಗ್ಲಿ ಬುಡು. ಹೋದ್ ವರ್ಸ ಹಾಲುಹುಳದ ರೋಗ ಬಿದ್ದು ನಮ್ದೂ ಪೂರಾ ತಿಪ್ಪೆಗೆ ಓಯ್ತು. ಮನೆ ತೊಳ್ದು, ಸುಣ್ಣ ಹೊಡ್ದು, ಮತ್ತೆ ಮೊಟ್ಟೆ ತರ್ಲಿಲ್ವಾ? ನೀನೂ ಹಂಗೇ ಹೊಸ ಮೊಟ್ಟೆ ತತ್ತಾ." ಆಮೇಲೆ ನನ್ನ ಕಡೆ ನೋಡಿ, "ಏನಪ್ಪಾ, ತಿನ್ನಕೆ ಏನೈತೆ ಇಲ್ಲಿ?" ಎಂದರು.

ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಡಬ್ಬಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಇತ್ತು. ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತೆ ಮುದ್ದೆ ಮುರಿದರು. ಮೊದಲ ತುತ್ತು ಗಂಟಲಲ್ಲಿ ಇಳಿಯುವ ತನಕ ಮೇಡಂ ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದರು. "ಸಾರಿಗೆ ಉಪ್ಪು ಒಸಿ ಕಮ್ಮಿ," ಎಂದರು ಅತ್ತೆ. ನನ್ನ ಹೆಂಡತಿಯ ಸಾರನ್ನು ಹೀಗೆ ಅಂದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಅತ್ತೆ ಚೇತರಿಸಿಕೊಂಡು ಉಳಿದ ಕಿಮೋಗಳನ್ನೆಲ್ಲ ಮುಗಿಸಿದರು. ಪವಾಡವೇನೂ ಆಗಲಿಲ್ಲ. ಕೆಲವು ವರ್ಷಗಳ ನಂತರ ಕಾಯಿಲೆ ತಿರುಗಿ ಬಂತು, ಅದರಿಂದಲೇ ಅವರು ಹೋದರು. ಆದರೆ ನಡುವಿನ ಆ ವರ್ಷಗಳಲ್ಲಿ ಬೆಳೆಯ ಮೇಲೆ ಬೆಳೆ ತೆಗೆದರು, ಮೊಮ್ಮಗಳನ್ನು ಎತ್ತಿ ಆಡಿಸಿದರು, ಮನೆಗೆ ಬಂದವರಿಗೆಲ್ಲ ತಾವು ಗಾಜಿನೊಳಗೆ ಕಂಡದ್ದನ್ನು ಹೇಳಿದರು.

ಮೇಡಂ ಕೂಡ ಮನೆ ತೊಳೆದು ಹೊಸ ಮೊಟ್ಟೆ ತಂದರು. ಒಂದು ಬಾಗಿಲು ಮುಚ್ಚಿದರೆ ಸಾಲದು, ಸಕ್ಕರೆಯ ದಾರಿಯನ್ನೂ ಕೊಬ್ಬಿನ ದಾರಿಯನ್ನೂ ಒಟ್ಟಿಗೆ ತಡೆದು, ಅದೇ ಹೊತ್ತಿಗೆ ಕಿಮೋ ಔಷಧವನ್ನೂ ಕೊಟ್ಟರೆ ಏನಾಗುತ್ತದೆ ಎಂದು ಹುಡುಕುವುದೇ ಮುಂದೆ ಅವರ ಇಡೀ ಬದುಕಿನ ಕೆಲಸವಾಯಿತು. ಅದು ಇನ್ನೂ ಮುಗಿದಿಲ್ಲ, ಅವರ ವಿದ್ಯಾರ್ಥಿಗಳು ಮುಂದುವರಿಸಿದ್ದಾರೆ. ಎಂಥ ದೊಡ್ಡ ಸಭೆಯಲ್ಲೂ ಅವರು ಮೊದಲು ತೋರಿಸುತ್ತಿದ್ದದ್ದು ಆ ಕೆಟ್ಟ ಫ್ಲಾಸ್ಕಿನ ಚಿತ್ರವನ್ನು. "ನಾವು ಹೀಗೆ ನಂಬಿದ್ದೆವು, ಅದು ತಪ್ಪಾಗಿತ್ತು" ಎಂದು ಹೇಳಿಯೇ ಮುಂದಿನ ಮಾತು. ಹಿಂದಿನ ಸಾಲಿನಲ್ಲಿ ಕುಳಿತ ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು. ಗೆದ್ದದ್ದನ್ನು ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ.

ಅತ್ತೆ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಒಂದು ದಿನ ಕೆಲಸದ ಮೇಲೆ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದ್ದೆ. ರೋಗಿಗಳು ಕಾಯುವ ಹಜಾರದಲ್ಲಿ ಕನಕಪುರದ ಕಡೆಯ ಇಬ್ಬರು ಹೆಂಗಸರು ಕುಳಿತಿದ್ದರು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಅಕ್ಕ ಡಬ್ಬಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು, ತಂಗಿ ಮತ್ತೆ ಮುಂದಕ್ಕೆ ಇಡುತ್ತಿದ್ದಳು.

"ಬ್ಯಾಡ ಕಣೇ. ತಿಂದ್ರೆ ಅವೂ ಬೆಳೀತವಂತೆ."

"ಯಾವನ್ ಹೇಳ್ದ ನಿಂಗೆ? ಉಪಾಸ ಬಿದ್ರೆ ಅವು ಸಾಯಕಿಲ್ವಂತೆ, ನಾವೇ ಸಾಯದಂತೆ. ಬೈರಾಪಟ್ಟಣದಾಗೆ ಒಬ್ಬಮ್ಮ ಗಾಜ್ನಾಗೆ ಕಣ್ಣಾರ ನೋಡ್ಕೊಂಡ್ ಬಂದಿದ್ಲಂತೆ. ಉಣ್ಣು ಸುಮ್ಕೆ."

ನಾನು ಅವರನ್ನು ಮಾತಾಡಿಸಲಿಲ್ಲ. ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಆಮೇಲೆ ಹೊರಗೆ ಬಂದು ಮೇಡಂಗೆ ಫೋನು ಮಾಡಿ, ಕೇಳಿದ್ದನ್ನು ಒಂದೂ ಬಿಡದೆ ಹೇಳಿದೆ.

"ಆಯಮ್ಮ ಉಂಡ್ರೇನ್ರೀ?" ಎಂದರು ಮೇಡಂ.

"ಉಂಡ್ರು ಮೇಡಂ. ಡಬ್ಬಿ ಖಾಲಿ ಆಗೋವರೆಗೂ ನಿಂತು ನೋಡಿದೆ."